ಮೋತಿಗೆ ಅಗಸಿ ಹಿಂಡಿ ಯಾಕೆ ಸಾಲದು

ಕಲಬುರಗಿ ಎಂದರೆ ಎಲ್ಲರಿಗೂ ಬಿಸಿಲೇ ನೆನಪಾಗುತ್ತದೆ. ಡಿಸೆಂಬರ್ ಬೆಳಗಿನ ಚಳಿ ಇಲ್ಲಿದ್ದವರಿಗೇ ಗೊತ್ತು. ಹೋದ ವರ್ಷ ಅಂಥದೊಂದು ಬೆಳಿಗ್ಗೆ ನಮ್ಮ ನಾಯಿ ಮೋತಿ ಏಳಲು ಹೋದ. ಶಹಾಬಾದ್ ಕಲ್ಲಿನ ನೆಲದ ಮೇಲೆ ಹಿಂಗಾಲು ಜಾರಿತು. ಮೂರನೇ ಸಲಕ್ಕೆ ಎದ್ದು ನಿಂತ, ಹತ್ತು ಹೆಜ್ಜೆ ಕುಂಟಿದ, ಆಮೇಲೆ ಸುಮಾರಾಗಿ ನಡೆದ. ಅವನಿಗೆ ಹನ್ನೊಂದು ವರ್ಷ.

ಎದ್ದ ಕೂಡಲೇ ಬಿಗಿತ, ನಡೆದರೆ ಸ್ವಲ್ಪ ಸಡಿಲ. ಕೀಲು ಸವೆದ ನಾಯಿಗಳಲ್ಲಿ ಹೀಗೇ ಕಾಣುತ್ತದೆ. ಎಲುಬಿನ ತುದಿಗೆ ಕಾರ್ಟಿಲೇಜ್ ಎಂಬ ನುಣುಪಾದ ಹೊದಿಕೆ ಇರುತ್ತದೆ. ಅದರೊಳಗೆ ರಕ್ತನಾಳಗಳಿಲ್ಲ. ನಡೆಯುವಾಗ ಸ್ಪಂಜಿನಂತೆ ಅದುಮಿ, ಬಿಟ್ಟು, ಕೀಲಿನ ದ್ರವದಿಂದಲೇ ಅದು ಆಹಾರ ಹೀರುತ್ತದೆ. ಹಾಗಾಗಿ ಒಮ್ಮೆ ಸವೆದರೆ ಮತ್ತೆ ಬೆಳೆಯುವುದು ಬಹಳ ಕಷ್ಟ. ಯಾವ ಪುಡಿ, ಯಾವ ಎಣ್ಣೆಯೂ ಅದನ್ನು ಹೊಸದು ಮಾಡುವುದಿಲ್ಲ. ನೋವು, ಊತ ಕಡಿಮೆ ಮಾಡಬಹುದು, ಅಷ್ಟೇ.

ಅವ್ವ ರೊಟ್ಟಿಗೆ ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ಹಚ್ಚಿ ಮೋತಿಯ ಮುಂದಿಟ್ಟಳು. "ನಮ್ಮ ಮೊಣಕಾಲಿಗೆ ಚಲೋ ಅಂದ್ಮೇಲೆ ಅದಕ್ಕೂ ಚಲೋನ ಅಲ್ಲೇನು?" ಎಂದಳು. ಅವಳ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಧಾರಾಳವಾಗಿದೆ. ಆದರೆ ಅದು ಎಎಲ್‌ಎ ಎಂಬ ಬಗೆ. ಕೀಲಿಗೆ ಬೇಕಾದದ್ದು ಮೀನೆಣ್ಣೆಯಲ್ಲಿರುವ ಬೇರೆ ಎರಡು ಬಗೆ, ಇಪಿಎ ಮತ್ತು ಡಿಎಚ್‌ಎ. ನಾಯಿಯ ದೇಹ ಎಎಲ್‌ಎಯನ್ನು ಇವಾಗಿ ಮಾರ್ಪಡಿಸುವುದು ತುಂಬಾ ಕಡಿಮೆ. ಹಿಂಡಿಯಲ್ಲಿ ಬೆಳ್ಳುಳ್ಳಿ, ಉಪ್ಪು ಬೇರೆ ಇರುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ತಟ್ಟೆಯನ್ನು ವಾಪಸ್ ತೆಗೆದುಕೊಂಡೆ.

ಇಪಿಎ ಮಾಡುವ ಕೆಲಸ ಸ್ವಾರಸ್ಯಕರ. ಜೀವಕೋಶದ ಹೊರಪೊರೆ ಕೊಬ್ಬಿನಿಂದ ಆದದ್ದು. ಅದರಲ್ಲಿರುವ ಒಮೆಗಾ-6 ಕೊಬ್ಬಿನಿಂದ ದೇಹ ನೋವು, ಊತ ಹೆಚ್ಚಿಸುವ ವಸ್ತುಗಳನ್ನು ತಯಾರಿಸುತ್ತದೆ. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲಿ ಒಮೆಗಾ-6 ಜಾಸ್ತಿ. ಇಪಿಎ ನಿಧಾನವಾಗಿ ಆ ಜಾಗಕ್ಕೆ ಬಂದು ಕೂರುತ್ತದೆ. ಅದರಿಂದ ಹುಟ್ಟುವ ವಸ್ತುಗಳು ಅಷ್ಟು ಉರಿ ತರುವುದಿಲ್ಲ. ಈ ಅದಲುಬದಲಿಗೆ ವಾರಗಟ್ಟಲೆ ಬೇಕು. ನಾಲ್ಕು ದಿನ ಕೊಟ್ಟು "ಏನೂ ಆಗಲಿಲ್ಲ" ಅಂತ ನಿಲ್ಲಿಸಬೇಡಿ.

ಇದನ್ನು ನಂಬಿಕೆಯ ಮೇಲೆ ಹೇಳುತ್ತಿಲ್ಲ. ನಾಯಿ, ಬೆಕ್ಕುಗಳ ಕೀಲು ಸವೆತಕ್ಕೆ ಕೊಡುವ ಪೂರಕಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ವಿಶ್ಲೇಷಣೆಯೊಂದು 2022ರಲ್ಲಿ ಪ್ರಕಟವಾಯಿತು. ಒಮೆಗಾ-3 ನೋವು ತಗ್ಗಿಸುತ್ತದೆ ಎಂಬುದಕ್ಕೆ ಅದರಲ್ಲಿ ಸ್ಪಷ್ಟ ಆಧಾರ ಸಿಕ್ಕಿತು. ಕೀಲಿಗೆಂದು ಅಂಗಡಿಯಲ್ಲಿ ಬಹಳ ಮಾರಾಟವಾಗುವ ಗ್ಲುಕೋಸಮೈನ್–ಕಾಂಡ್ರಾಯ್ಟಿನ್ ಎಂಬ ಪೂರಕಗಳ ಜೋಡಿ ಮಾತ್ರ ಸೋತಿತು. ಅರಿಶಿನದ್ದು ಬೇರೆ ಕಥೆ. ಅದರಲ್ಲಿ ಊತ ತಗ್ಗಿಸುತ್ತದೆ ಎನ್ನುವ ಕರ್ಕ್ಯುಮಿನ್ ಎಂಬ ಅಂಶ ಇರುವುದೇ ಸುಮಾರು ನೂರಕ್ಕೆ ಮೂರರಷ್ಟು. ಅದೂ ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.

ಮೀನೆಣ್ಣೆ ಕ್ಯಾಪ್ಸೂಲ್ ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ. ಮುಂದೆ ದೊಡ್ಡದಾಗಿ ಬರೆದ 1000 ಮಿಲಿಗ್ರಾಂ ಎಣ್ಣೆಯ ತೂಕ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120 ಮಿಲಿಗ್ರಾಂ ಇರುತ್ತದೆ. ಕೀಲಿನ ತೊಂದರೆಗೆ ಪಶುವೈದ್ಯರು ಲೆಕ್ಕ ಹಾಕುವ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು, ನಾಯಿಯ ತೂಕದ ಮೇಲೆ ನಿಂತದ್ದು. ಅಷ್ಟನ್ನೂ ಒಮ್ಮೆಲೇ ಕೊಟ್ಟರೆ ಭೇದಿ ಆಗಬಹುದು. ಕಾಡ್ ಲಿವರ್ ಎಣ್ಣೆ ಬೇಡ, ಅದರಲ್ಲಿ ವಿಟಮಿನ್ ಎ ಮತ್ತು ಡಿ ಮಿತಿ ಮೀರಬಹುದು. ಮನೆಯಲ್ಲಿ ಮೀನೆಣ್ಣೆ ಬೇಡ ಅನ್ನುವವರಿಗೆ ಪಾಚಿಯ ಎಣ್ಣೆ ಇದೆ. ಮೀನಿಗೂ ಒಮೆಗಾ-3 ಬರುವುದು ಸಮುದ್ರದ ಪಾಚಿಯಿಂದಲೇ ಅಲ್ವಾ! ಅದರಲ್ಲಿ ಇಪಿಎ ಇದೆಯಾ ನೋಡಿಕೊಳ್ಳಿ, ಕೆಲವದರಲ್ಲಿ ಡಿಎಚ್‌ಎ ಮಾತ್ರ ಇರುತ್ತದೆ.

ಆದರೆ ನನ್ನ ಕಣ್ಣು ತೆರೆಸಿದ್ದು ಎಣ್ಣೆಯಲ್ಲ, ಲ್ಯಾಬ್ರಡಾರ್ ನಾಯಿಗಳ ಮೇಲೆ ನಡೆದ ಒಂದು ಅಧ್ಯಯನ. ಅಮೆರಿಕದಲ್ಲಿ 48 ಮರಿಗಳನ್ನು ಜೋಡಿ ಮಾಡಿ, ಒಂದು ಗುಂಪಿಗೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಕೊಟ್ಟು, ಜೀವಮಾನವಿಡೀ ನೋಡಿದರು. ಫಲಿತಾಂಶ 2002ರಲ್ಲಿ ಬಂತು. ಕಡಿಮೆ ಉಂಡವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು. ಅವಕ್ಕೆ ಕೀಲಿನ ಚಿಕಿತ್ಸೆ ಬೇಕಾದದ್ದೂ ಸುಮಾರು ಮೂರು ವರ್ಷ ತಡವಾಗಿ. ನಾವೋ ಪ್ರೀತಿಯಿಂದ ಹೊತ್ತಿಗೆ ಮೂರು ರೊಟ್ಟಿ ಹಾಕುತ್ತಿದ್ದೆವು. ಮೋತಿಯ ಪಕ್ಕೆ ಮುಟ್ಟಿ ನೋಡಿದೆ, ಕೊಬ್ಬಿನಡಿ ಎಲುಬೇ ಕೈಗೆ ಸಿಗಲಿಲ್ಲ.

ಪಕ್ಕದ ಮನೆಯ ಕಾಕಾ ತಮ್ಮ ಮೊಣಕಾಲಿನ ಗುಳಿಗೆ ಅರ್ಧ ಮುರಿದು ತಂದಿದ್ದರು. ಕೈ ಮುಗಿದು ಬೇಡ ಎಂದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮನುಷ್ಯರ ಗುಳಿಗೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ನೋವು ಜಾಸ್ತಿ ಇದ್ದರೆ ಪಶುವೈದ್ಯರ ಬಳಿ ನಾಯಿಗೆಂದೇ ಇರುವ ಔಷಧಿ ಇದೆ. ನಾವೂ ಅವರ ಹತ್ತಿರವೇ ಹೋದೆವು.

ಮೋತಿಗೆ ಈಗ ಹೊತ್ತಿಗೆ ಒಂದೂವರೆ ರೊಟ್ಟಿ, ವೈದ್ಯರು ಹೇಳಿದಷ್ಟು ಎಣ್ಣೆ, ಸಂಜೆ ಊರಿನ ‘ಅಪ್ಪನ ಕೆರೆ’ ಕಡೆ ನಿಧಾನಕ್ಕೆ ಒಂದು ಸುತ್ತು. ಅವನು ಮಲಗುವಲ್ಲಿ ಅವ್ವ ಎರಡು ಗೋಣಿಚೀಲ ಹಾಸಿ ಮೇಲೊಂದು ಹಳೆ ಕೌದಿ ಮಡಚಿಟ್ಟಿದ್ದಾಳೆ. ಏಳುವಾಗ ಕಾಲು ಜಾರುವುದಿಲ್ಲ.