ಓಕುಳಿ ನೀರಿಗೆ ನಿಂಬೆಹಣ್ಣು ಹಿಂಡಿ

ಆಮ್ಲ ಅಂದರೆ ಕೆಂಪು, ಪ್ರತ್ಯಾಮ್ಲ ಅಂದರೆ ನೀಲಿ. ಆಮ್ಲ, ಪ್ರತ್ಯಾಮ್ಲ ಗುರುತಿಸುವ ಲಿಟ್ಮಸ್ ಕಾಗದದ ಪಾಠ ಮುಗಿದ ಮೇಲೆ ಬಹಳಷ್ಟು ಮಕ್ಕಳ ತಲೆಯಲ್ಲಿ ಉಳಿಯುವುದು ಇಷ್ಟೇ. ಈ ಕಂಠಪಾಠ ಕೆಡವಲು ಒಂದು ಚಮಚ ಅರಿಶಿನ ಸಾಕು.

ಗಾಜಿನ ಲೋಟದಲ್ಲಿ ಅರಿಶಿನ ಕದಡಿ, ಎಲೆಯಡಿಕೆಗೆ ಹಚ್ಚುವ ಸುಣ್ಣ ಚೂರು ಹಾಕಿ. ನೀರು ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿ ಇದೇ ಅಲ್ವಾ? ಈಗ ನಿಂಬೆಹಣ್ಣು ಹಿಂಡಿ. ರಸ ಬಿದ್ದ ಕಡೆ ಹಳದಿ ಎಳೆಎಳೆಯಾಗಿ ಇಳಿಯುತ್ತದೆ. ಕಲಕಿದರೆ ಇಡೀ ಲೋಟ ಹಳದಿ. ಕೆಂಪು ತಂದದ್ದು ಸುಣ್ಣ, ಅಂದರೆ ಪ್ರತ್ಯಾಮ್ಲ! (ಸುಣ್ಣ ಮುಟ್ಟಿದ ಕೈ ಕಣ್ಣಿಗೆ ಹೋಗದಿರಲಿ. ಆಸಿಡ್ ಮಾತ್ರ ಸುಡುತ್ತದೆ ಅನ್ನುವುದೂ ಸುಳ್ಳೇ.)

ದಾಸವಾಳದ್ದು ತಿರುಗಾ ಮುರುಗಾ. ಚಾಕುವಿಗೆ ಹೂವಿನ ಎಸಳು ತಿಕ್ಕಿ ಒಣಗಿಸಿ, ನಿಂಬೆಹಣ್ಣು ಕೊಯ್ಯಿರಿ. ರಸ ಕೆಂಪಾಗುತ್ತದೆ. ಮಾಟ ತೆಗೆಯುತ್ತೇನೆಂದು ಹಣ್ಣಿನಿಂದ 'ರಕ್ತ' ಬರಿಸಿ ಕಾಸು ಕೀಳುವವರ ಬಂಡವಾಳ ಇಷ್ಟೇ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳ ಪರೀಕ್ಷೆಗೆಂದೇ ಸಮಿತಿ ಮಾಡಿದ್ದರು. ಅಂಥ ಪರೀಕ್ಷೆ ತರಗತಿಯಲ್ಲೇ ಯಾಕಾಗಬಾರದು? ಚಾಕು ಮಕ್ಕಳ ಎದುರೇ ತೊಳೆದು ಇನ್ನೊಂದು ಹಣ್ಣು ಕೊಯ್ಯಿರಿ. ರಕ್ತ ಬರುವುದಿಲ್ಲ.

ಬಣ್ಣ ಇರುವುದು ಸೂಚಕದಲ್ಲಿ, ಅಂದರೆ ಅರಿಶಿನ, ದಾಸವಾಳದಂಥ ಬಣ್ಣ ಬದಲಿಸುವ ವಸ್ತುವಿನಲ್ಲಿ, ಆಮ್ಲದಲ್ಲಲ್ಲ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅಣುವಿನ ಎರಡು ತುದಿಗೂ ಒಂದೊಂದು ಉಂಗುರ, ನಡುವೆ ಏಳು ಕಾರ್ಬನ್‌ಗಳ ಸರಪಳಿ. ಅದರ ಎಲೆಕ್ಟ್ರಾನ್‌ಗಳು ಬೆಳಕಿನ ನೀಲಿ ಭಾಗವನ್ನು ಹೀರುತ್ತವೆ, ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ. ಸುಣ್ಣ ಆ ಅಣುವಿನಿಂದ ಪ್ರೋಟಾನ್ ಕಿತ್ತುಕೊಂಡಾಗ ಎಲೆಕ್ಟ್ರಾನ್‌ಗಳಿಗೆ ಓಡಾಡಲು ಜಾಗ ಜಾಸ್ತಿ ಸಿಗುತ್ತದೆ. ಹಗ್ಗ ಉದ್ದ ಮಾಡಿದರೆ ಜೋಕಾಲಿ ನಿಧಾನವಾಗಿ ತೂಗುತ್ತದಲ್ಲ, ಹಾಗೆ ಇವೂ ಕಡಿಮೆ ಶಕ್ತಿಯ ಬೆಳಕಿಗೆ ಒಲಿಯುತ್ತವೆ. ಹಸಿರನ್ನೂ ಹೀರುತ್ತವೆ, ನೀರು ಕೆಂಪಗೆ ಕಾಣುತ್ತದೆ. ನಿಂಬೆರಸ ಪ್ರೋಟಾನನ್ನು ವಾಪಸ್ ಕೊಟ್ಟರೆ ಹಳದಿ. ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇದರಿಂದಲೇ. ಸುಮ್ನೆ ಬಟ್ಟೆ ಹಾಳಾಯ್ತು ಎಂದು ಗಾಬರಿಪಡುತ್ತೇವೆ.

ವಿಜ್ಞಾನಿ ರಾಬರ್ಟ್ ಬಾಯ್ಲ್ 1664ರಷ್ಟು ಹಿಂದೆಯೇ ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾನಕದಲ್ಲಿ ಈ ಆಟ ಆಡಿದ್ದ. ಆಮ್ಲಕ್ಕೆ ಕೆಂಪು, ಪ್ರತ್ಯಾಮ್ಲಕ್ಕೆ ಹಸಿರು. ನಮ್ಮ ದಾಸವಾಳದ ರಸವೂ ಥೇಟ್ ಹಾಗೇ.

ಅರಿಶಿನಕ್ಕೆ ಒಂದು ಕೊರತೆಯಿದೆ. ಬರೀ ನೀರಿಗೂ ಹಳದಿ, ಹುಳಿ ಮಜ್ಜಿಗೆಗೂ ಹಳದಿ. ಇವೆರಡರಲ್ಲಿ ಆಮ್ಲ ಯಾವುದು ಎಂದು ಅದು ಹೇಳಲಾರದು. ಇದನ್ನು ಮೇಷ್ಟ್ರು ಮೊದಲೇ ಬಾಯಿಬಿಡಬಾರದು. ಎರಡು ಲೋಟ, ಅರಿಶಿನ, ದಾಸವಾಳ ಎಲ್ಲವನ್ನೂ ಮೇಜಿನ ಮೇಲಿಟ್ಟು ಮಕ್ಕಳ ಕೈಗೇ ಬಿಡಬೇಕು.