ಮಾಹೆಯ ಅಳಿವೆಯಲ್ಲಿ ಕೋಟೆ ಏಕೆ ಉಳಿಯಲಿಲ್ಲ?

ಕೇರಳದ ಕರಾವಳಿಯ ತಲಶ್ಶೇರಿಯಲ್ಲಿ ಇಂಗ್ಲಿಷರು ಕಟ್ಟಿದ ಕೋಟೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅಲ್ಲಿಂದ ಏಳೆಂಟು ಕಿಲೋಮೀಟರು ದಕ್ಷಿಣಕ್ಕಿರುವ ಮಾಹೆಯಲ್ಲಿ ಫ್ರೆಂಚರ ಕೋಟೆಯನ್ನು ಹುಡುಕುವವರಿಗೆ ಚೆರುಕಲ್ಲಾಯಿ ಗುಡ್ಡದ ಅವಶೇಷಗಳಷ್ಟೇ ಸಿಗುತ್ತವೆ.

ಫ್ರೆಂಚರನ್ನು ಇಲ್ಲಿಗೆ ತಂದದ್ದು ಕರಿಮೆಣಸು. ಮಲಯಾಳಿಗಳು ಮಯ್ಯಳಿ ಎಂದು ಕರೆಯುವ ಈ ಊರಿನಲ್ಲಿ (ಹೆಸರಿನ ಕೊನೆಯ 'ಅಳಿ'ಗೂ ನಮ್ಮ ಕರಾವಳಿಯ 'ಅಳಿವೆ'ಗೂ ನಂಟಿದೆ) ಘಟ್ಟದ ಸೆರಗಿನಿಂದ ಇಳಿದು ಬರುವ ಹೊಳೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಳನಾಡಿನ ಮೆಣಸು ದೋಣಿಯಲ್ಲಿ ಬಂದು ಹಡಗು ಸೇರುವ ಈ ಜಾಗವನ್ನು ಹಿಡಿದವರಿಗೆ ವ್ಯಾಪಾರವೂ ಕೈಗೆ ಬರುತ್ತಿತ್ತು. 1721ರಲ್ಲಿ ಈ ಭಾಗದ ಸಣ್ಣ ರಾಜ್ಯವಾದ ಕಡತನಾಡಿನ ಅರಸನೊಂದಿಗೆ ಒಪ್ಪಂದ ಮಾಡಿಕೊಂಡು ನೆಲೆಯೂರಿದ ಫ್ರೆಂಚರನ್ನು ಬೇಗನೆ ಹೊರಹಾಕಲಾಯಿತು. 1725ರಲ್ಲಿ ಅವರು ಹಡಗುಪಡೆಯೊಂದಿಗೆ ಬಂದು ಊರನ್ನು ಮತ್ತೆ ಗೆದ್ದು, ಹೊಳೆಯ ಮೇಲೂ ಸಮುದ್ರದ ಮೇಲೂ ಕಣ್ಣಿಡುವಂತೆ ಗುಡ್ಡಗಳನ್ನು ಭದ್ರಪಡಿಸಿಕೊಂಡರು. 1761ರಲ್ಲಿ ಇಂಗ್ಲಿಷರು ಮಾಹೆಯನ್ನು ವಶಪಡಿಸಿಕೊಂಡರೂ 1763ರ ಪ್ಯಾರಿಸ್ ಒಪ್ಪಂದದಂತೆ ಅದು ಫ್ರೆಂಚರಿಗೆ ಮರಳಿತು.

ಕನ್ನಡ ನಾಡಿನ ಚರಿತ್ರೆ ಈ ಅಳಿವೆಯನ್ನು ಮುಟ್ಟುವುದು ಇದರ ನಂತರ. ಹೈದರ್ ಅಲಿ ಮಲಬಾರನ್ನು ಗೆದ್ದ ಮೇಲೆ ಅವನ ಸೈನ್ಯಕ್ಕೆ ಬೇಕಾದ ಫ್ರೆಂಚ್ ಯುದ್ಧಸಾಮಗ್ರಿ ಮಾಹೆಯ ಮೂಲಕವೇ ಬರುತ್ತಿತ್ತು. ಆದ್ದರಿಂದ, 1778ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಯುದ್ಧ ಹತ್ತಿ ಪಾಂಡಿಚೇರಿ ಇಂಗ್ಲಿಷರ ಪಾಲಾದಾಗ, ಮಾಹೆ ತನ್ನ ರಕ್ಷಣೆಯಲ್ಲಿದೆಯೆಂದು ಹೈದರ್ ಮದರಾಸಿನ ಇಂಗ್ಲಿಷ್ ಸರ್ಕಾರಕ್ಕೆ ಎಚ್ಚರಿಕೆ ನೀಡಿದ. ಅದನ್ನು ಲೆಕ್ಕಿಸದೆ 1779ರ ಮಾರ್ಚಿನಲ್ಲಿ ಇಂಗ್ಲಿಷರು ಮಾಹೆಯನ್ನು ಹಿಡಿದರು, ಅದೇ ವರ್ಷ ಕೋಟೆಯನ್ನೂ ಸಿಡಿಸಿದರು. 1780ರಲ್ಲಿ ಹೈದರ್ ಇಂಗ್ಲಿಷರ ಮಿತ್ರನಾಗಿದ್ದ ನವಾಬನ ಆರ್ಕಾಟಿನ ಮೇಲೆ ನುಗ್ಗಲು, ಅಂದರೆ ಎರಡನೆಯ ಮೈಸೂರು ಯುದ್ಧಕ್ಕೆ, ಇದು ಮುಖ್ಯ ಕಾರಣಗಳಲ್ಲೊಂದು. ನಮ್ಮ ಪಠ್ಯಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಮಾಹೆಗೆ ಇನ್ನಷ್ಟು ಗಮನ ಸಲ್ಲಬೇಕೆಂದು ನನಗೆ ಅನ್ನಿಸುವುದು ಇದಕ್ಕಾಗಿಯೇ.

ಮಾಹೆ ಮತ್ತೆ ಫ್ರೆಂಚರಿಗೆ ಸೇರಿತು, 1793ರಲ್ಲಿ ಮತ್ತೆ ಕೈತಪ್ಪಿತು. ಕೋಟೆಯ ಕಥೆ ನಿಜವಾಗಿ ಮುಗಿದದ್ದು 1814ರ ಪ್ಯಾರಿಸ್ ಒಪ್ಪಂದದಲ್ಲಿ: ಭಾರತದ ನೆಲೆಗಳನ್ನು ಹಿಂದಕ್ಕೆ ಪಡೆದ ಫ್ರಾನ್ಸ್, ಅಲ್ಲಿ ಕೋಟೆ ಕಟ್ಟುವುದಿಲ್ಲವೆಂದೂ ಪೊಲೀಸು ಕೆಲಸಕ್ಕೆ ಬೇಕಾದಷ್ಟೇ ಸೈನಿಕರನ್ನು ಇಡುವುದಾಗಿಯೂ ಒಪ್ಪಿಕೊಂಡಿತು. 1817ರಲ್ಲಿ ಮಾಹೆ ಕೈಗೆ ಬಂದಾಗ ಕೆಡವಿದ್ದನ್ನು ಮರಳಿ ಕಟ್ಟುವ ಹಕ್ಕು ಫ್ರೆಂಚರಿಗಿರಲಿಲ್ಲ. 1954ರ ಜುಲೈ 16ರಂದು ಅವರು ಊರು ಬಿಟ್ಟು ಹೊರಟಾಗ, ಅಳಿವೆಯನ್ನು ಕಾಯುವ ಫಿರಂಗಿಗಳಿಲ್ಲದೆ ಒಂದು ಶತಮಾನವೇ ಕಳೆದುಹೋಗಿತ್ತು.