ಬಾನಿ-ಕ್ಲೈಡ್ ಬೇಟೆ ಇಷ್ಟು ನಿಧಾನ ಯಾಕೆ?

ಪ್ರಶ್ನೆ: ‘ದಿ ಹೈವೇಮೆನ್’ ಸಿನಿಮಾ ನೋಡಿದೆ. 1930ರ ದಶಕದ ಅಮೆರಿಕದ ದರೋಡೆಕೋರ ಜೋಡಿ ಬಾನಿ-ಕ್ಲೈಡ್‌ನ ಹಿಡಿಯೋ ಕಥೆ ಅಂದಮೇಲೆ ಗುಂಡಿನ ಸುರಿಮಳೆ ಇರುತ್ತೆ ಅಂದುಕೊಂಡಿದ್ದೆ. ನೋಡಿದರೆ ಇಬ್ಬರು ಮುದುಕರು ಕಾರಲ್ಲಿ ಸುತ್ತೋದೇ ಜಾಸ್ತಿ. ಯಾಕೆ ಇಷ್ಟು ನಿಧಾನ?

ಉತ್ತರ: ಈ ದೂರು ತುಂಬಾ ಜನರದ್ದು. ಆದರೆ ನಿಜವಾಗಿ ನಡೆದದ್ದರ ಪಕ್ಕದಲ್ಲಿಟ್ಟು ನೋಡಿದರೆ ಸಿನಿಮಾನೇ ಅವಸರದಲ್ಲಿದೆ!

1934ರ ಜನವರಿಯಲ್ಲಿ ಕ್ಲೈಡ್ ಬ್ಯಾರೋ ಟೆಕ್ಸಾಸ್‌ನ ಈಸ್ಟ್‌ಹ್ಯಾಮ್ ಜೈಲಿನಿಂದ ತನ್ನ ಕಡೆಯವರನ್ನು ಬಿಡಿಸಿಕೊಂಡು ಹೋದ. ಒಬ್ಬ ಕಾವಲುಗಾರ ಸತ್ತ. ಜೈಲುಗಳ ಮುಖ್ಯಸ್ಥ ಲೀ ಸಿಮನ್ಸ್, ಟೆಕ್ಸಾಸ್ ರೇಂಜರ್ (ರಾಜ್ಯದ ವಿಶೇಷ ಪೊಲೀಸ್) ಕೆಲಸ ಬಿಟ್ಟಿದ್ದ ಫ್ರಾಂಕ್ ಹೇಮರ್‌ನನ್ನು ಇವರನ್ನು ಹಿಡಿಯಲು ಕರೆಸಿದ. ಫೆಬ್ರುವರಿ 10ಕ್ಕೆ ಶುರುವಾದ ಬೇಟೆ ಮುಗಿದದ್ದು ಮೇ 23ಕ್ಕೆ. ಸಿನಿಮಾದಲ್ಲಿ ಮೊದಲಿಂದಲೂ ಜೊತೆಗಿರುವ ಮೇನಿ ಗಾಲ್ಟ್ ನಿಜದಲ್ಲಿ ಬಂದದ್ದು ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಹರಟೆಗೂ ಅವನಿರಲಿಲ್ಲ.

ಇಷ್ಟು ದಿನ ಹೇಮರ್ ಮಾಡಿದ್ದಾದರೂ ಏನು? ಬಾನಿ-ಕ್ಲೈಡ್ ತಂಗಿದ್ದ ಜಾಗಗಳನ್ನು ಹುಡುಕಿ ಹೋದ. ಯಾವ ಸಿಗರೇಟು ಸೇದುತ್ತಾರೆ, ಯಾವ ಅಳತೆಯ ಬಟ್ಟೆ ಹಾಕುತ್ತಾರೆ ಅಂತೆಲ್ಲ ತಿಳಿದುಕೊಂಡ. ರಾತ್ರಿ ಕಾರಲ್ಲೇ ಮಲಗುತ್ತಿದ್ದ. ಕೊನೆಗೆ ಅವನಿಗೆ ಹೊಳೆದದ್ದು ಇಷ್ಟು: ಕ್ಲೈಡ್ ಸುತ್ತುವುದು ಒಂದು ದೊಡ್ಡ ವೃತ್ತದಲ್ಲಿ. ರಾಜ್ಯದ ಗಡಿಗಳ ಅಂಚಿನಲ್ಲೇ ಓಡಾಡುತ್ತಾನೆ, ಯಾಕೆಂದರೆ ಒಂದು ರಾಜ್ಯದ ಪೊಲೀಸರು ಇನ್ನೊಂದರೊಳಗೆ ಬೆನ್ನಟ್ಟಿ ಹೋಗುವ ಹಾಗಿರಲಿಲ್ಲ. ಆಗಾಗ ಮನೆಯವರನ್ನು ನೋಡಲು ಬಂದೇ ಬರುತ್ತಾನೆ. ಕ್ಲೈಡ್ ಜೊತೆಗಿದ್ದ ಗ್ಯಾಂಗಿನ ಹೆನ್ರಿ ಮೆತ್ವಿನ್‌ನ ಮನೆ ಲೂಯಿಸಿಯಾನಾದಲ್ಲಿತ್ತು. ಅಲ್ಲಿ ಹೇಮರ್‌ಗೆ ಅಧಿಕಾರ ಇಲ್ಲ. ಹಾಗಾಗಿ ಅಲ್ಲಿನ ಶೆರಿಫ್ (ಸ್ಥಳೀಯ ಪೊಲೀಸ್ ಮುಖ್ಯಸ್ಥ) ಹೆಂಡರ್ಸನ್ ಜೋರ್ಡನ್ ಬೇಕಾದ. ಬಾನಿ-ಕ್ಲೈಡ್‌ನ ಹಿಡಿಯಲು ನೆರವಾದರೆ ಮೆತ್ವಿನ್‌ಗೆ ಟೆಕ್ಸಾಸ್‌ನಲ್ಲಿ ಕ್ಷಮಾದಾನ ಅಂತ ಒಳಗೊಳಗೇ ಒಪ್ಪಂದವೂ ಆಯಿತು. ಇದೆಲ್ಲ ಕಾಯುವ, ಮಾತಾಡಿ ಒಪ್ಪಿಸುವ ಕೆಲಸ. ಓಡಿ ಹಿಡಿಯುವುದಲ್ಲ.

ಗಿಬ್ಸ್‌ಲ್ಯಾಂಡ್ ಊರಿನ ಹತ್ತಿರ ಹೇಮರ್, ಗಾಲ್ಟ್, ಜೋರ್ಡನ್ ಸೇರಿ ಆರು ಜನ ರಾತ್ರಿಯಿಂದಲೇ ಪೊದೆಯಲ್ಲಿ ಕೂತಿದ್ದರು. ರಸ್ತೆ ಬದಿಯಲ್ಲಿ ಮೆತ್ವಿನ್‌ನ ಅಪ್ಪನ ಟ್ರಕ್, ಚಕ್ರ ಬಿಚ್ಚಿ ಕೆಟ್ಟು ನಿಂತ ಹಾಗೆ. ಬೆಳಗ್ಗೆ ಒಂಬತ್ತರ ಸುಮಾರಿಗೆ ಬಾನಿ-ಕ್ಲೈಡ್ ಇದ್ದ ಕದ್ದ ಫೋರ್ಡ್ ವಿ8 ಕಾರು ಬಂತು, ಟ್ರಕ್ ನೋಡಿ ನಿಧಾನ ಮಾಡಿತು. ಸುಮಾರು 130 ಗುಂಡುಗಳು ಹಾರಿದವು. ಗುಂಡಿನ ದಾಳಿ ಅರ್ಧ ನಿಮಿಷವೂ ಹಿಡಿಯಲಿಲ್ಲ.

ನಿರ್ದೇಶಕ ಜಾನ್ ಲೀ ಹ್ಯಾನ್‌ಕಾಕ್ ಆ ಗಳಿಗೆಯವರೆಗೆ ಬಾನಿ-ಕ್ಲೈಡ್ ಮುಖವನ್ನೇ ಸರಿಯಾಗಿ ತೋರಿಸುವುದಿಲ್ಲ. ಸುಮ್ನೆ ಅಲ್ಲ ಅದು. 1967ರ ಪ್ರಸಿದ್ಧ ಸಿನಿಮಾ ‘ಬಾನಿ ಅಂಡ್ ಕ್ಲೈಡ್’ನಲ್ಲಿ ಅವರಿಬ್ಬರೇ ಹೀರೋಗಳು. ಹೇಮರ್‌ನನ್ನು ಅವರು ಹಿಡಿದು ಅವಮಾನ ಮಾಡುವ ದೃಶ್ಯವೂ ಇತ್ತು. ಅಂಥದ್ದು ನಡೆದೇ ಇರಲಿಲ್ಲ. ಹೇಮರ್‌ನ ಹೆಂಡತಿ, ಮಗ ಕೇಸು ಹಾಕಿದರು, 1971ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಈ ಸಲದ ಸಿನಿಮಾ ಆ ಲೆಕ್ಕ ತೀರಿಸಲು ಹೊರಟಿದೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ದೂರು ಸರಿ. ಏದುಸಿರು, ನಡುರಾತ್ರಿಯ ಶೌಚ, ಮುಪ್ಪಿನ ಜೋಕುಗಳು ಸ್ವಲ್ಪ ಜಾಸ್ತಿಯೇ ಆದವು. 1934ರಲ್ಲಿ ಹೇಮರ್‌ಗೆ ಐವತ್ತು ತುಂಬಿತ್ತಷ್ಟೆ, ಗಾಲ್ಟ್‌ಗೆ ಅದೂ ಇಲ್ಲ. ಸಿನಿಮಾದಲ್ಲಿ ಹೇಮರ್ ಆದ ಕೆವಿನ್ ಕಾಸ್ಟ್ನರ್ ಅರವತ್ತು ದಾಟಿದ್ದರು. ಆ ನಿಧಾನ ಇತಿಹಾಸದ್ದಲ್ಲ, ಸಿನಿಮಾದವರೇ ಸೇರಿಸಿದ್ದು.